ಘಟ್ಟ ಹತ್ತಿ ಬಂದ ಬಂಗುಡೆ: ಆರಿಸುವುದು ಹೇಗೆ, ಸಾರು ಮಾಡುವುದು ಹೇಗೆ

ಕಡಲ ಮೀನು ಹಾಸನಕ್ಕೆ ಶಿರಾಡಿ ಘಾಟಿ, ಚಿಕ್ಕಮಗಳೂರಿಗೆ ಚಾರ್ಮಾಡಿ ಹತ್ತಿ ಬರುತ್ತದೆ. ದರ ಕೇಳುವ ಮೊದಲು ತಿಂಗಳು ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ; ಹಲವು ಮೀನುಗಳು ಮೊಟ್ಟೆಯಿಡುವ ಕಾಲವದು. ಆಗ ಸಿಗುವ 'ತಾಜಾ' ಬಂಗುಡೆ ನಾಡದೋಣಿಯದ್ದೋ, ಪೂರ್ವ ಕರಾವಳಿಯದ್ದೋ, ಶೈತ್ಯಾಗಾರದ್ದೋ ಆಗಿರಬಹುದು, ಕೇಳಿ ಕೊಳ್ಳಿ. ಆ ಎರಡು ತಿಂಗಳು ಸಾಕಿದ ಕಾಟ್ಲ, ರೋಹು ಸಾಕು. ಮೊದಲ ಮಳೆಗೆ ಗದ್ದೆಯತ್ತ ಏರುವ ಹತ್ತುಮೀನಿನ ರುಚಿಯನ್ನು ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ. ಆದರೆ ಅದು ಹೊರಟಿರುವುದೇ ಮೊಟ್ಟೆಯಿಡಲು, ಬಿಟ್ಟುಬಿಡಿ.

ಆಮೇಲೆ ಅಳತೆ. ಕೇರಳದಲ್ಲಿ 14 ಸೆಂ.ಮೀ.ಗಿಂತ ಚಿಕ್ಕ ಬಂಗುಡೆ, 10 ಸೆಂ.ಮೀ.ಗಿಂತ ಚಿಕ್ಕ ಬೂತಾಯಿ (ಸಾರ್ಡೀನ್) ಹಿಡಿಯುವಂತಿಲ್ಲ. ಕೊಳ್ಳುವವರು ಇನ್ನೂ ಬಿಗಿಯಾಗಿರಬಹುದು: ಬಂಗುಡೆ ಗೇಣುದ್ದ ಇರಲಿ. ಮೊಳದುದ್ದವೂ ಇಲ್ಲದ ಅಂಜಲ್ (ಸುರ್ಮಾಯಿ) ಅಗ್ಗಕ್ಕೆ ಸಿಕ್ಕರೂ ಬೇಡ, ಅದಿನ್ನೂ ಮರಿ.

ತಲೆಯಿರುವ ಇಡೀ ಮೀನನ್ನೇ ಕೇಳಿ. ಕಿವಿರು ಕೆಂಪಗಿರಬೇಕು, ಕಣ್ಣು ಉಬ್ಬಿರಬೇಕು, ಒತ್ತಿದ ಬೆರಳಿನ ಗುರುತು ಉಳಿಯಬಾರದು, ಹೊಟ್ಟೆ ಒಡೆದಿರಬಾರದು. ಐಸ್ ಇಲ್ಲದೆ ಬಿಸಿಲಲ್ಲಿ ಬಿದ್ದ ಬಂಗುಡೆಯಲ್ಲಿ ಹಿಸ್ಟಮಿನ್ ಎಂಬ ವಿಷಾಂಶ ಹುಟ್ಟುತ್ತದೆ. ಎಷ್ಟು ಕುದಿಸಿದರೂ ಅದು ಹೋಗದು. ತಿಂದವರಿಗೆ ಮುಖ ಕೆಂಪೇರಿ ಮೈ ತುರಿಸುತ್ತದೆ. ಮನೆಗೆ ಒಯ್ಯಲು ಡಬ್ಬಿಯಲ್ಲಿ ಮೀನಿನಷ್ಟೇ ತೂಕದ ಐಸ್ ಹಾಕಿಸಿ.

ನಾಲ್ವರಿಗೆ ಒಂದು ಕೆಜಿ. ಶುಚಿ ಮಾಡಿ, ಉಪ್ಪು, ಅರಿಸಿನ ಸವರಿ ಕಾಲು ಗಂಟೆ ಇಡಿ. 12 ಬ್ಯಾಡಗಿ ಮೆಣಸಿನಕಾಯಿ, ಎರಡು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ಸಣ್ಣ ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು ಬೇರೆಬೇರೆಯಾಗಿ ಹುರಿಯಿರಿ. ಕಾಲು ಚಮಚ ಮೆಂತ್ಯ ಕೊನೆಗೆ. ಅದು ಕಪ್ಪಾದರೆ ಸಾರೆಲ್ಲ ಕಹಿ. ಒಂದು ಬಟ್ಟಲು ತೆಂಗಿನತುರಿ, ಆರೆಸಳು ಬೆಳ್ಳುಳ್ಳಿ, ಒಂದು ಈರುಳ್ಳಿ, ನಿಂಬೆ ಗಾತ್ರದ ಹುಣಸೆಹಣ್ಣು ಸೇರಿಸಿ ನುಣ್ಣಗೆ ರುಬ್ಬಿ.

ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿ ಮಸಾಲೆಗೆ ನೀರು, ಉಪ್ಪು ಹಾಕಿ ಹತ್ತು ನಿಮಿಷ ಚೆನ್ನಾಗಿ ಕುದಿಸಿ. ಹಸಿವಾಸನೆ ಹೋಗುವ ಮುನ್ನ ಮೀನು ಬಿಟ್ಟರೆ ಮಸಾಲೆ ಬೇಯುವಷ್ಟರಲ್ಲಿ ಮೀನು ಪುಡಿಯಾಗುತ್ತದೆ. ಮೀನು ಬಿಟ್ಟ ಮೇಲೆ ಉರಿ ತಗ್ಗಿಸಿ, ಏಳೆಂಟು ನಿಮಿಷ ಸಾಕು. ಸೌಟು ಹಾಕಬೇಡಿ, ಪಾತ್ರೆಯನ್ನೇ ಹಿಡಿದು ಅಲುಗಿಸಿ. ಇಳಿಸಿ ಮುಕ್ಕಾಲು ಗಂಟೆ ಮುಚ್ಚಿಟ್ಟರೆ ಹುಳಿ-ಖಾರ ಮೀನಿಗೆ ಇಳಿಯುತ್ತದೆ. ಅಷ್ಟರೊಳಗೆ ಕಡುಬು ಬೇಯಿಸಿಕೊಳ್ಳಿ. ಬಯಲುಸೀಮೆಯ ಕಡೆಯವರಾದರೆ ರಾಗಿಮುದ್ದೆ.