ಗೋದಾಮಿನ ಟ್ರಸ್ ತೂಕ ಇಳಿಸಲು ಗಲಾಪಗೋಸ್

ಚಿಕ್ಕಮಗಳೂರು ಕಡೆಯ ಕಾಫಿ ಗೋದಾಮಿಗೆ 12 ಮೀಟರ್ ಸ್ಪ್ಯಾನಿನ (ಆಧಾರದಿಂದ ಆಧಾರಕ್ಕಿರುವ ಅಂತರ) ಪೈಪ್ ಟ್ರಸ್, ಅಂದರೆ ಚಾವಣಿ ಹೊರುವ ತ್ರಿಕೋನಗಳ ಚೌಕಟ್ಟು, ಎಂದಿಟ್ಟುಕೊಳ್ಳಿ. ರೈನೋ ಎಂಬ 3ಡಿ ಸಾಫ್ಟ್‌ವೇರಿನೊಳಗಿನ ಗ್ರಾಸ್‌ಹಾಪರ್‌ನಲ್ಲಿ ಅದನ್ನು ಕಟ್ಟಿದರೆ, ಅದರಲ್ಲೇ ಇರುವ ಗಲಾಪಗೋಸ್ ಸ್ಲೈಡರ್‌ಗಳನ್ನು ತಾನೇ ಬದಲಿಸುತ್ತ ಉತ್ತಮ ಜೋಡಣೆ ಹುಡುಕುತ್ತದೆ. ಮೂರು ಸ್ಲೈಡರ್ ಸಾಕು: ನಡುವಿನ ಎತ್ತರ, ಪ್ಯಾನೆಲ್ (ಟ್ರಸ್ಸಿನ ಉದ್ದದ ವಿಭಾಗ) ಸಂಖ್ಯೆ, ಪೈಪ್ ಸೈಜ್. ಎತ್ತರಕ್ಕೆ 50 ಮಿ.ಮೀ. ಹೆಜ್ಜೆ ಕೊಡಿ, ಅದಕ್ಕಿಂತ ಸಣ್ಣದಾದರೆ ಹುಡುಕಾಟ ಸುಮ್ಮನೆ ಹಿಗ್ಗುತ್ತದೆ. ಪ್ಯಾನೆಲ್ ಸ್ಲೈಡರಿಗೆ ‘ಈವನ್’ (ಸಮ ಸಂಖ್ಯೆ) ಆರಿಸಿ, ಇಲ್ಲದಿದ್ದರೆ ನೆತ್ತಿಯಲ್ಲಿ ಜಾಯಿಂಟ್ ತಪ್ಪುತ್ತದೆ. ಸೈಜ್ ಪಟ್ಟಿಯಲ್ಲಿ ಹಾಸನ, ಚಿಕ್ಕಮಗಳೂರಿನ ಅಂಗಡಿಗಳಲ್ಲಿ ಸಿಗುವವಷ್ಟೇ ಇರಲಿ, ತೂಕದ ಏರಿಕೆ ಕ್ರಮದಲ್ಲಿ.

ಗಲಾಪಗೋಸ್‌ನ ಜೀನೋಮ್ ತಂತಿಯನ್ನು ಸ್ಲೈಡರ್‌ಗಳಿಗೂ ಫಿಟ್‌ನೆಸ್ ತಂತಿಯನ್ನು ಒಂದು ಸಂಖ್ಯೆಗೂ ಎಳೆದು ‘ಮಿನಿಮೈಸ್’ ಕೊಡಿ. ಆ ಸಂಖ್ಯೆ ಬರೀ ತೂಕವಾದರೆ ಕೆಟ್ಟಿತು. ಅತಿ ತೆಳು ಪೈಪನ್ನೇ ಹಿಡಿದು ಕೂರುತ್ತದೆ. ಗ್ರಾಸ್‌ಹಾಪರ್‌ಗೆ ಸೇರಿಸುವ, ರಚನೆಯ ಬಲ ಲೆಕ್ಕ ಹಾಕುವ ಪ್ಲಗಿನ್ ಕರಾಂಬಾ ತೋರಿಸುವ ಬಾಗು ಸ್ಪ್ಯಾನ್/180, ಅಂದರೆ 66.7 ಮಿ.ಮೀ. ದಾಟಿದರೆ, ಅಥವಾ ಯಾವುದೇ ಪೈಪಿನ ಯುಟಿಲೈಸೇಶನ್ (ತಾಳಿಕೆಗೆ ಹೋಲಿಸಿದರೆ ಬೀಳುವ ಬಲದ ಪಾಲು) 1 ಮೀರಿದರೆ ತೂಕಕ್ಕೆ ದಂಡ ಸೇರಿಸಿ. ದಂಡ ಮೀರಿದಷ್ಟಕ್ಕೆ ತಕ್ಕಂತೆ ಏರಬೇಕು. ಒಂದೇ ಸಲ ಹತ್ತು ಲಕ್ಷ ಹಾಕಿದರೆ ಯಾವ ಕಡೆ ಸರಿಯಬೇಕೆಂಬ ಸುಳಿವೇ ಸಿಗುವುದಿಲ್ಲ.

ಗಾಳಿ ಮೇಲೆತ್ತುವ ಲೋಡ್ ಕೇಸ್ ಖಂಡಿತ ಬೇಕು. ತಗಡಿನ ಚಾವಣಿ ಹಗುರ. ಗಾಳಿ ಎತ್ತಿದಾಗ, ಎಳೆತದಲ್ಲಿದ್ದ ಕೆಳಗಿನ ಕಾರ್ಡ್ (ಟ್ರಸ್ಸಿನ ಕೆಳ ಅಂಚಿನ ಪೈಪ್) ಒತ್ತಡಕ್ಕೆ ಸಿಕ್ಕಿ ಪಕ್ಕಕ್ಕೆ ಬಾಗುತ್ತದೆ. ಭಾರ ಕೆಳಗೊತ್ತುವುದು, ಗಾಳಿ ಮೇಲೆತ್ತುವುದು ಎಂಬ ಎರಡೂ ಕೇಸ್‌ಗಳಲ್ಲಿ ಕೆಟ್ಟದ್ದನ್ನೇ ದಂಡಕ್ಕೆ ತೆಗೆದುಕೊಳ್ಳಿ.

ಪಾಪ್ಯುಲೇಶನ್ (ಒಂದು ಸುತ್ತಿಗೆ ಪರೀಕ್ಷಿಸುವ ಜೋಡಣೆಗಳ ಸಂಖ್ಯೆ) 50 ಇಟ್ಟು ಮೂರ್ನಾಲ್ಕು ಸಲ ಓಡಿಸಿ. ಗೆದ್ದ ಟ್ರಸ್ಸನ್ನು ಉಕ್ಕಿನ ಕಟ್ಟಡಗಳ ಭಾರತೀಯ ಮಾನದಂಡ ಐಎಸ್ 800 ಪ್ರಕಾರ, ಜಾಯಿಂಟ್ ಸಮೇತ, ಬೇರೆಯಾಗಿ ಲೆಕ್ಕ ಹಾಕಿ.