ಇಂಗ್ಲೆಂಡಿನ ಊರ ಪಬ್ಬಿಗೆ ಹೋಗುವ ಮುನ್ನ

ಶಿರಸಿ, ಕುಮಟಾ, ಕಾರವಾರದ ಕಡೆಯಿಂದ ಇಂಗ್ಲೆಂಡಿನಲ್ಲಿರುವ ಮಕ್ಕಳ ಮನೆಗೆ ಹೋಗಿಬರುವವರು ಈಗ ಕಡಿಮೆಯೇನಿಲ್ಲ. ಅವರಲ್ಲಿ ಬಿಯರಿನ ರುಚಿ ಬಲ್ಲವರು ಪೇಟೆಯ ದೊಡ್ಡ ಪಬ್ಬುಗಳನ್ನು ಬಿಟ್ಟು, ಊರವರೇ ನಡೆಸುವ ಸಣ್ಣ ಪಬ್ಬೊಂದಕ್ಕೆ ಹೋಗಿ ರಿಯಲ್ ಏಲ್ ಎಂಬ ಅಲ್ಲಿನ ಹಳೆಯ ಬಗೆಯ ಬಿಯರ್ ಕುಡಿದು ನೋಡಬೇಕು.

ನಮ್ಮ ಬಾರುಗಳಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿ ಬಿಯರನ್ನು ಸೋಸಿ, ಬಿಸಿ ಮಾಡಿ, ಗ್ಯಾಸು ಸೇರಿಸಿರುತ್ತಾರೆ. ರಿಯಲ್ ಏಲಿನಲ್ಲಿ ಯೀಸ್ಟ್ ಜೀವಂತವಾಗಿರುತ್ತದೆ. ಅದು ಪಬ್ಬಿನ ನೆಲಮಾಳಿಗೆಯ ಪೀಪಾಯಿಯಲ್ಲಿಯೇ ಎರಡನೆಯ ಸಲ ಹುದುಗಿ ಹದಕ್ಕೆ ಬರುತ್ತದೆ; ಅದನ್ನು ಹೊರಗಿನ ಗ್ಯಾಸಿನ ಒತ್ತಡವಿಲ್ಲದೆ ಕೈಪಂಪಿನಿಂದ ಮೇಲೆಳೆದು, 11ರಿಂದ 13 ಡಿಗ್ರಿಯ ತಂಪಿನಲ್ಲಿ ಕೊಡುತ್ತಾರೆ. ಐಸಿನಂಥ ಬಿಯರಿಗೆ ಒಗ್ಗಿದವರಿಗೆ ಮೊದಲ ಗುಟುಕು ಬೆಚ್ಚಗೆನಿಸೀತು, ಆದರೆ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದ) ಪರಿಮಳ ತಿಳಿಯುವುದು ಆ ಹದದಲ್ಲಿಯೇ. ಒಮ್ಮೆ ತೆರೆದ ಪೀಪಾಯಿ ಸುಮಾರು ಮೂರು ದಿನಗಳಲ್ಲಿ ಖಾಲಿಯಾಗಬೇಕು. ಇಲ್ಲವಾದರೆ ಇಟ್ಟ ದೋಸೆ ಹಿಟ್ಟಿನಂತೆ ಹುಳಿಯಾಗುತ್ತದೆ. ಆದ್ದರಿಂದ ಜನ ಸೇರುವ ಶುಕ್ರವಾರ ಅಥವಾ ಶನಿವಾರದ ಸಂಜೆ ಹೋಗುವುದು ಒಳ್ಳೆಯದು. ಹತ್ತು ಪಂಪುಗಳಿದ್ದೂ ಗಿರಾಕಿಗಳಿಲ್ಲದ ಪಬ್ಬಿಗಿಂತ ಮೂರೇ ಪಂಪುಗಳಿರುವ ಗಿಜಿಗುಡುವ ಪಬ್ಬೇ ನನ್ನ ಆಯ್ಕೆ. ಸಣ್ಣ ಪಬ್ಬುಗಳಲ್ಲಿ ಹಲವು ಸೋಮವಾರ ಬಾಗಿಲು ತೆರೆಯುವುದಿಲ್ಲ.

ಊರವರ ಒಡೆತನವೆಂದರೇನೆಂದು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1923ರಲ್ಲಿ ಶಿರಸಿಯ ಅಡಿಕೆ ಬೆಳೆಗಾರರು ಶೇರು ಹಾಕಿ ತೋಟಗಾರ್ಸ್ ಸೊಸೈಟಿಯನ್ನು ಕಟ್ಟಿಕೊಂಡ ಹಾಗೆಯೇ, ಉತ್ತರ ಇಂಗ್ಲೆಂಡಿನ ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಹಳ್ಳಿಯವರು 2003ರಲ್ಲಿ ತಮ್ಮ ಓಲ್ಡ್ ಕ್ರೌನ್ ಪಬ್ಬನ್ನು ಸಹಕಾರಿಯಾಗಿ ಕೊಂಡುಕೊಂಡರು. 2011ರ ಲೋಕಲಿಸಂ ಕಾಯ್ದೆ ಬಂದ ಮೇಲೆ, ಮಾರಾಟಕ್ಕಿಟ್ಟ ಪಬ್ಬಿಗೆ ಹಣ ಹೊಂದಿಸಿಕೊಳ್ಳಲು ಊರವರು ಕಾಲಾವಕಾಶ ಕೇಳಬಹುದಾಯಿತು. ಲಂಡನ್ನಿನ ನನ್‌ಹೆಡ್ಡಿನ ಐವಿ ಹೌಸ್ ಪಬ್ಬು 2013ರಲ್ಲಿ ಈ ರೀತಿಯಲ್ಲಿಯೇ ಊರವರ ಕೈಗೆ ಬಂದು ಉಳಿಯಿತು. ಇಂಥಲ್ಲಿ ಕುಡಿಯಲು ಸದಸ್ಯತ್ವ ಬೇಕಾಗಿಲ್ಲ. ಪಕ್ಕದಲ್ಲಿ ಕುಳಿತವರೇ ಶೇರುದಾರರಾಗಿರಬಹುದು, ಪಬ್ಬು ಉಳಿದ ಕಥೆಯನ್ನು ಕೇಳಿದರೆ ಅವರು ಗಡಿಯಾರ ನೋಡುವುದಿಲ್ಲ.

ಒಳಗೆ ಹೋಗಿ ಕುಳಿತು ವೇಟರನಿಗಾಗಿ ಕಾಯಬಾರದು. ಕೌಂಟರಿಗೆ ಹೋಗಿ ಕೇಳಿ, ಅಲ್ಲಿಯೇ ಹಣ ಕೊಡಬೇಕು. ಯಾವುದೆಂದು ತೋಚದಿದ್ದರೆ ಒಂದು ಗುಟುಕು ರುಚಿ ನೋಡಲು ಕೇಳುವುದರಲ್ಲಿ ಸಂಕೋಚ ಬೇಡ. ಒಂದು ಪೈಂಟ್ ಎಂದರೆ 568 ಮಿಲಿಲೀಟರ್; ಎರಡು ಮೂರು ಬಗೆಯನ್ನು ನೋಡುವ ಆಸೆಯಿದ್ದರೆ ಅರ್ಧ ಪೈಂಟನ್ನೇ ಕೇಳಬೇಕು. ವಿನೆಗರಿನ ವಾಸನೆ ಬಂದರೆ ಮರ್ಯಾದೆಯಿಂದ ಹೇಳಿ ಬದಲಿಸಿಕೊಳ್ಳಬಹುದು. ಜೊತೆಯವರು ನಿಮಗೆ ಒಂದು ಸುತ್ತು ಕೊಡಿಸಿದರೆ ಮುಂದಿನ ಸುತ್ತು ನಿಮ್ಮದು.

ಸಸ್ಯಾಹಾರಿಗಳಿಗೆ ಒಂದು ಮಾತು. ಏಲನ್ನು ತಿಳಿಯಾಗಿಸಲು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸನ್ನು ಬಳಸುವುದು ಅಲ್ಲಿ ಹಳೆಯ ರೂಢಿ. ಕಾರವಾರದವರಿಗೆ ಇದರಿಂದ ಏನೂ ಅನಿಸದಿರಬಹುದು, ಆದರೆ ಘಟ್ಟದ ಮೇಲಿನ ಅನೇಕರಿಗೆ ಒಪ್ಪದು. ವೀಗನ್ ಏಲ್, ಅಂದರೆ ಪ್ರಾಣಿಗಳಿಂದ ಬಂದದ್ದೇನನ್ನೂ ಬಳಸದ ಏಲ್ ಇದೆಯೇ ಎಂದು ಕೇಳಿದರೆ ಇದ್ದದ್ದನ್ನು ತೋರಿಸುತ್ತಾರೆ. ಐಸಿಂಗ್ಲಾಸ್ ಹಾಕದ ಆ ಏಲ್ ಕೆಲವೊಮ್ಮೆ ತುಸು ಮಬ್ಬಾಗಿರುತ್ತದೆ, ಕೆಟ್ಟಿದೆಯೆಂದು ಅದನ್ನು ಹಿಂದಿರುಗಿಸಬೇಡಿ.