ಡಾಕ್ಟರ್ ಓದಿನ ಜೊತೆಗೇ ಸಂಶೋಧನೆ ಕಲಿಯುವುದು ಹೇಗೆ?

ಎಂಬಿಬಿಎಸ್ ಓದುತ್ತಿದ್ದೀರಾ? ಹಾಗಾದರೆ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಎಸ್‌ಟಿಎಸ್‌ನಿಂದ, ಅಂದರೆ ವಿದ್ಯಾರ್ಥಿಗಳ ಅಲ್ಪಾವಧಿ ಸಂಶೋಧನೆಗೆಂದೇ ಇರುವ ವಿದ್ಯಾರ್ಥಿವೇತನದಿಂದ ಶುರು ಮಾಡಿ. 1979ರಲ್ಲಿ ಶುರುವಾದ ಯೋಜನೆ ಇದು. ಎರಡು ತಿಂಗಳಲ್ಲಿ ಮುಗಿಯುವಂಥ ಒಂದು ಪ್ರಶ್ನೆ ಬೇಕು, ನಿಮ್ಮ ಕಾಲೇಜಿನಲ್ಲೇ ಒಬ್ಬ ಗೈಡ್ ಬೇಕು. ಗೈಡ್ ಆರಿಸುವಾಗ ದೊಡ್ಡ ಹೆಸರು ನೋಡಬೇಡಿ. ವಾರಕ್ಕೊಮ್ಮೆ ಅರ್ಧ ಗಂಟೆ ಕೂತು ನೀವು ಬರೆದದ್ದನ್ನು ಓದುವವರನ್ನು ಹುಡುಕಿ.

ಪ್ರಶ್ನೆ ಸಣ್ಣದಿರಲಿ. ನಾನು ಮೊದಲು ಬರೆದದ್ದು ‘ಹಳ್ಳಿಗಳಲ್ಲಿ ಸಕ್ಕರೆ ಕಾಯಿಲೆ’ ಎಂದು. ನಮ್ಮ ಮೇಡಂ ಪೆನ್ಸಿಲಿನಲ್ಲಿ ಅದಕ್ಕೆ ಗೆರೆ ಎಳೆದು, ಕೆಳಗೆ ಬರೆದರು: ‘ನಮ್ಮ ಒಪಿಡಿಗೆ ಬರುವ ಸಕ್ಕರೆ ಕಾಯಿಲೆಯವರಲ್ಲಿ ಎಷ್ಟು ಜನ ಈ ವರ್ಷ ಪಾದ ಪರೀಕ್ಷೆ ಮಾಡಿಸಿಕೊಂಡಿದ್ದಾರೆ?’ ಇದನ್ನು ಎಣಿಸಬಹುದು, ಅಲ್ವಾ?

ಸಂಶೋಧನೆಯಲ್ಲಿ ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿ ಒಪ್ಪಿಗೆ ಕೊಡುವ ಮುಂಚೆ ಒಬ್ಬ ರೋಗಿಯನ್ನೂ ಸೇರಿಸಿಕೊಳ್ಳಬೇಡಿ. ನಾನು ಅವಸರದಲ್ಲಿ ತುಂಬಿಸಿದ್ದ 22 ಫಾರಂಗಳನ್ನು ಪೂರ್ತಿ ಕೈಬಿಡಬೇಕಾಯಿತು. ಬಸ್ಸು ತಪ್ಪಿದರೂ ಪರವಾಗಿಲ್ಲ ಎಂದು ಕೂತು ಉತ್ತರ ಕೊಟ್ಟ ಅಜ್ಜಿಯ ನೆನಪಾದರೆ ಈಗಲೂ ಬೇಜಾರಾಗುತ್ತದೆ.

ಎಂಡಿ ಸೇರಿದರೆ ಐಸಿಎಂಆರ್‌ನದೇ ಸಂಸ್ಥೆಯಾದ ಚೆನ್ನೈನ ಎನ್‌ಐಇ ನಡೆಸುವ, ಸಂಶೋಧನೆ ಮಾಡುವ ಕ್ರಮ ಕಲಿಸುವ ಬಿಸಿಬಿಆರ್ ಆನ್‌ಲೈನ್ ಕೋರ್ಸ್ ಹೇಗೂ ಕಡ್ಡಾಯ. ಸುಮ್ನೆ ಸರ್ಟಿಫಿಕೇಟಿಗೆಂದು ವಿಡಿಯೋ ಓಡಿಸಬೇಡಿ. ಸ್ಯಾಂಪಲ್ ಸೈಜ್ (ಅಧ್ಯಯನಕ್ಕೆ ಎಷ್ಟು ಜನ ಬೇಕು ಎಂಬ ಲೆಕ್ಕ) ಪಾಠವನ್ನು ನಿಮ್ಮ ಥೀಸಿಸ್ ಪಕ್ಕದಲ್ಲಿಟ್ಟುಕೊಂಡು ಕೇಳಿ.

ಮುಂದೆಯೂ ಇದೇ ದಾರಿ ಎಂದಾದರೆ, ಸಂಶೋಧನೆಗೆ ಹಣ ಕೊಡುವ, 2008ರಲ್ಲಿ ಹುಟ್ಟಿದ ಇಂಡಿಯಾ ಅಲಯನ್ಸ್ ಸಂಸ್ಥೆ ಡಾಕ್ಟರುಗಳಿಗೆಂದೇ ಫೆಲೋಶಿಪ್ ಕೊಡುತ್ತದೆ. ಅರ್ಜಿ ಹಾಕುವ ಮುಂಚೆ ವಿಭಾಗದ ಮುಖ್ಯಸ್ಥರ ಹತ್ತಿರ ಕೂತು ಮಾತಾಡಿ. ವಾರದಲ್ಲಿ ಎಷ್ಟು ದಿನ ನಿಮಗೆ ವಾರ್ಡ್ ಡ್ಯೂಟಿ ಇರುವುದಿಲ್ಲ ಎಂಬುದನ್ನು ಬರಹದಲ್ಲೇ ಪಡೆದುಕೊಳ್ಳಿ.